ಜಾಹೀರಾತು ಬರುವ ತನಕ

ಟೀವಿಯ ಮುಂದೆ ಕೂತು ಅಳುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ. ಸೀರಿಯಲ್ಲಿನ ಅತ್ತೆ ಸೊಸೆಯನ್ನು ಗದರಿದರೆ ಸಾಕು, ನನ್ನ ಸೆರಗು ಕಣ್ಣಿಗೆ ಹೋಗುತ್ತಿತ್ತು. "ನಿಮ್ಮಮ್ಮನ ಕಣ್ಣಿಗೆ ಕಾವೇರಿ ಕನೆಕ್ಷನ್ ಬಂದ್ಬಿಟ್ಟಿದೆ, ನಲ್ಲಿಗೆ ಮಾತ್ರ ಇನ್ನೂ ಬಂದಿಲ್ಲ" ಎಂದು ನನ್ನ ಯಜಮಾನರು ಮಗಳ ಮುಂದೆ ಹಾಸ್ಯ ಮಾಡುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಇಷ್ಟು ಬೇಗ ಕರಗುವ ಮನಸ್ಸು ಒಳ್ಳೆಯ ಮನಸ್ಸೇ ಇರಬೇಕಲ್ಲ ಎಂದು ನನ್ನ ಲೆಕ್ಕಾಚಾರ. ಆ ನಂಬಿಕೆ ಹೋಗಿ ಎರಡು ವರ್ಷವಾಗುತ್ತ ಬಂತು. ಹೇಗೆ ಹೋಯಿತು ಎಂದು ಬರೆಯಲು ಕೂತಿದ್ದೇನೆ. ಬರೆದರೆ ಮನಸ್ಸು ಹಗುರವಾಗುತ್ತದೆ ಎಂಬ ಆಸೆಯೇನೂ ಇಲ್ಲ. ಹಗುರವಾಗಲೂ ಬಾರದು.

ನಮ್ಮದು ಗರುಡಾಚಾರ್‌ಪಾಳ್ಯದ ಹಳೇ ಮನೆತನ. ನಾನು ಸೊಸೆಯಾಗಿ ಬಂದಾಗ ಹಿತ್ತಲಿನಾಚೆ ರಾಗಿ ಹೊಲವಿತ್ತು, ಪಕ್ಕದಲ್ಲಿ ದನದ ಕೊಟ್ಟಿಗೆ, ಬೆಳಗಾದರೆ ಸಗಣಿ ಬಾಚುವ ಕೆಲಸ. ಹೊಲದ ಒಂದು ಭಾಗ ಕಾರ್ಖಾನೆಗೆ ಹೋಯಿತು, ಇನ್ನೊಂದು ಭಾಗ ಸೈಟುಗಳಾಯಿತು, ಉಳಿದ ಜಾಗದಲ್ಲಿ ನಾವು ಬಿಲ್ಡಿಂಗ್ ಎಬ್ಬಿಸಿದೆವು. ಕೆಳಗೆ ನಾವು, ಮೇಲಿನ ಅಂತಸ್ತುಗಳಲ್ಲಿ ಬಾಡಿಗೆಯವರು. ಮೆಟ್ರೋ ಬಂದ ಮೇಲಂತೂ ನಮ್ಮ ಬೀದಿಯವರ ನಡಿಗೆಯೇ ಬದಲಾಯಿತು. ಮಳೆ ಯಾವಾಗ ಎಂದು ಆಕಾಶ ನೋಡುತ್ತಿದ್ದ ಗಂಡಸರು ಈಗ ಒಬ್ಬರ ಗೇಟಿನ ಟು-ಲೆಟ್ ಬೋರ್ಡನ್ನು ಇನ್ನೊಬ್ಬರು ನೋಡತೊಡಗಿದರು. ದುಡ್ಡೇ ದೊಡ್ಡಪ್ಪ ಅನ್ನುತ್ತಾರಲ್ಲ, ನಮ್ಮಲ್ಲಿ ಆ ದೊಡ್ಡಪ್ಪ ತಿಂಗಳ ಮೊದಲ ವಾರ ತಪ್ಪದೆ ಬರುತ್ತಿದ್ದ, ನಾವು ಕಾಲಿಗೆ ನೀರು ಕೊಟ್ಟು ಬರಮಾಡಿಕೊಳ್ಳುತ್ತಿದ್ದೆವು. ಇದರಲ್ಲಿ ನಾನು ಯಜಮಾನರಿಗಿಂತ ಒಂದು ಕೈ ಮುಂದೆಯೇ. ಬಾಡಿಗೆ ಸ್ವಲ್ಪ ತಡವಾದರೆ ಮೇಲೆ ಹತ್ತಿ ಹೋಗಿ ಬಾಗಿಲು ಬಡಿಯುತ್ತಿದ್ದವಳು ನಾನೇ.

ಎರಡನೇ ಮಹಡಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಅವರ ಬಾಗಿಲನ್ನು ಮಾತ್ರ ನಾನು ಒಮ್ಮೆಯೂ ಬಡಿಯಬೇಕಾಗಿ ಬಂದಿರಲಿಲ್ಲ. ಆತ ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಆಕೆ ಕೋಲಾರದ ಕಡೆಯವಳು, ಮಾತು ಎಂದರೆ ಪ್ರಾಣ. ಮಕ್ಕಳಿರಲಿಲ್ಲ. ನಮ್ಮ ಮನೆಗೆ ಬಂದು ಹತ್ತು ವರ್ಷ ದಾಟಿತ್ತು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ನಾನು ಹೋಗೇ ಬಾರೇ ಎನ್ನುತ್ತಿದ್ದೆ. ಸಂಜೆ ಸೀರಿಯಲ್ಲಿನ ಹೊತ್ತಿಗೆ ಸರಿಯಾಗಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಇಳಿದು ಬರುತ್ತಿದ್ದಳು. ಸೋಫಾ ಖಾಲಿಯಿದ್ದರೂ ನೆಲದ ಮೇಲೆ, ದಿವಾನಕ್ಕೆ ಒರಗಿ ಕೂರುವುದೇ ಅವಳಿಗಿಷ್ಟ. ಮಡಿಲಲ್ಲಿ ಹುರಿದ ಕಡಲೇಕಾಯಿ. ಖಳನಾಯಕಿ ಬಂದರೆ ಸಿಪ್ಪೆಯನ್ನು ಟೀವಿಯ ಕಡೆಗೆ ಎಸೆದು, "ನಿನ್ನ ನಾಲಿಗೆಗೆ ಹುಳ ಬೀಳ" ಎಂದು ಶಾಪ ಹಾಕುತ್ತಿದ್ದಳು. ಮಾತುಕತೆಯೆಲ್ಲ ಜಾಹೀರಾತು ಬಂದಾಗ. ಅದು ನಮ್ಮಿಬ್ಬರ ನಡುವಿನ ಕಟ್ಟಳೆ. ಕಥೆ ನಡೆಯುವಾಗ ಯಾರೂ ಬಾಯಿ ತೆರೆಯುವ ಹಾಗಿಲ್ಲ.

ಆ ವರ್ಷ ನಾವು ನೋಡುತ್ತಿದ್ದ ಸೀರಿಯಲ್ಲಿನ ನಾಯಕಿಗೆ ಕ್ಯಾನ್ಸರ್ ಬಂತು. ತಿಂಗಳುಗಟ್ಟಲೆ ಎಳೆದರು. ನಮ್ಮ ಬೀದಿಯ ಹೆಂಗಸರಿಗೆ ಊಟ ಸೇರದಂತಾಯಿತು. ಕೊನೆಗೆ ಮೂಲೆಮನೆಯಾಕೆ, "ಹಲಸೂರಿನ ದೇವಸ್ಥಾನದಲ್ಲಿ ಅಮ್ಮನವರಿಗೆ ನಿಂಬೆಹಣ್ಣಿನ ದೀಪ ಹಚ್ಚೋಣ್ವಾ, ಅವಳು ಹುಷಾರಾಗ್ಲಿ ಅಂತ?" ಎಂದಳು. ಮೊದಲು ಎಲ್ಲರೂ ನಕ್ಕೆವು. ಆಮೇಲೆ ಶುಕ್ರವಾರ ರಾಹುಕಾಲಕ್ಕೆ ಸರಿಯಾಗಿ ಸ್ಟೀಲ್ ಡಬ್ಬಿಯಲ್ಲಿ ನಿಂಬೆಹಣ್ಣು, ಬತ್ತಿ, ತುಪ್ಪ ಇಟ್ಟುಕೊಂಡು ಮೆಟ್ರೋ ಹತ್ತಿದೆವು. ಹೀಗೆ ಹಲವು ಶುಕ್ರವಾರ. ಒಂದು ಸಲ ಅರ್ಚನೆಯನ್ನೂ ಮಾಡಿಸಿಬಿಡೋಣ ಎಂದು ಹೋದಾಗ ಅರ್ಚಕರು ಹೆಸರು, ನಕ್ಷತ್ರ ಕೇಳಿದರು. ಮೂಲೆಮನೆಯಾಕೆ ನಾಯಕಿಯ ಹೆಸರು ಹೇಳಿದಳು. ನಕ್ಷತ್ರ ಯಾರಿಗೆ ಗೊತ್ತು? ನಾವು ಮುಖ ಮುಖ ನೋಡಿಕೊಳ್ಳುತ್ತಿರುವಾಗ ನಮ್ಮ ಎರಡನೇ ಮಹಡಿಯವಳು ಹಿಂದಿನಿಂದ, "ರೋಹಿಣಿ, ಸ್ವಾಮಿ" ಎಂದಳು. ಮದುವೆಗೆ ಜಾತಕ ನೋಡುವ ಕಂತಿನಲ್ಲಿ ಹೇಳಿದ್ದರಂತೆ, ಇವಳು ನೆನಪಿಟ್ಟುಕೊಂಡಿದ್ದಳು. ಅರ್ಚಕರು ಭಕ್ತಿಯಿಂದ ಸಂಕಲ್ಪ ಹೇಳಿದರು. ನಾವು ಕೆನ್ನೆ ಬಡಿದುಕೊಂಡೆವು.

ಹಿಂದಿರುಗುವಾಗ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಂದಿರಾನಗರ ದಾಟುವಷ್ಟರಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆಯೇ ಕುಸಿದು ಕೂತಳು. ಕೆಲವು ತಿಂಗಳಿಂದ ಹೊಟ್ಟೆನೋವು ಎನ್ನುತ್ತಲೇ ಇದ್ದಳು. ಗ್ಯಾಸ್ ಎಂದು ನಾನೇ ಜೀರಿಗೆ ಕಷಾಯ ಕಾಸಿ ಕೊಟ್ಟಿದ್ದೆ.

"ಮುಂದಿನ ವಾರ ನನ್ನ ಹೆಸರಲ್ಲೂ ಒಂದು ದೀಪ ಹಚ್ಬಿಡಿ ಅಕ್ಕಾ," ಎಂದಳು ನಗುತ್ತ.

"ನಿಂಗೇನಾಗಿದ್ಯೇ, ಗುಂಡ್ಕಲ್ಲು ಇದ್ದಂಗಿದ್ಯ," ಎಂದೆ.

ಗುಂಡುಕಲ್ಲು ಎರಡು ತಿಂಗಳಲ್ಲಿ ಕರಗಿಹೋಯಿತು. ಸ್ಕ್ಯಾನಿಂಗ್ ಮಾಡಿಸಿದಾಗ ರೋಗ ಹೊಟ್ಟೆಯಿಂದ ಲಿವರಿನವರೆಗೂ ಹಬ್ಬಿತ್ತು. ಸುದ್ದಿ ತಿಳಿದ ದಿನ ನಾನು ಅತ್ತೆ, ಅದು ಸುಳ್ಳಲ್ಲ. ಮೊದಮೊದಲು ದಿನವೂ ಮೇಲೆ ಹೋಗುತ್ತಿದ್ದೆ, ಗಂಜಿ ಕೊಟ್ಟು ಬರುತ್ತಿದ್ದೆ. ಆಮೇಲೆ ದಿನ ಬಿಟ್ಟು ದಿನವಾಯಿತು. ಆಮೇಲೆ ಮೆಟ್ಟಿಲ ಮೇಲೆ ಅವರ ಯಜಮಾನರು ಸಿಕ್ಕರೆ "ಹೇಗಿದ್ದಾಳೆ ಸಾರ್" ಎಂದು ಕೇಳುವಷ್ಟಕ್ಕೆ ಬಂತು. ಯಾಕೆ ಹೀಗಾಯಿತು ಎಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ನಿಜವಾದ ಕಾಯಿಲೆ ನೋಡುವುದಕ್ಕೆ ಬೇಸರ. ಸೀರಿಯಲ್ಲಿನ ಕಾಯಿಲೆಗೆ ವಾಸನೆ ಇಲ್ಲ, ವಾಂತಿ ಇಲ್ಲ, ಹಾಸಿಗೆ ಬದಲಿಸುವ ಕೆಲಸವಿಲ್ಲ. ನಾಯಕಿ ನೋವಿನಲ್ಲೂ ಒಳ್ಳೆಯ ಮಾತಾಡುತ್ತಾಳೆ. ಇವಳು ನೋವು ಜಾಸ್ತಿಯಾದರೆ ಗಂಡನನ್ನು ಬೈಯುತ್ತಿದ್ದಳು, ಕಡಿಮೆಯಾದರೆ ಗೋಡೆ ನೋಡುತ್ತ ಮಲಗುತ್ತಿದ್ದಳು. ನಿನ್ನೆಯೂ ಹಾಗೆ, ಇವತ್ತೂ ಹಾಗೆ, ಮುಂದೆ ಏನೂ ನಡೆಯುವುದಿಲ್ಲ. ನಾನು ಅಲ್ಲಿ ಕೂತು ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದೆ. ಸಂಜೆ ಕೆಳಗೆ ಬಂದು ಟೀವಿ ಹಾಕಿದರೆ ಮತ್ತೆ ಧಾರಾಳವಾಗಿ ಅಳು ಬರುತ್ತಿತ್ತು. ಶುಕ್ರವಾರ ಹಲಸೂರಿಗೆ ಹೋಗುವುದನ್ನೂ ತಪ್ಪಿಸಲಿಲ್ಲ. ಇವಳ ಹೆಸರಿನಲ್ಲಿ ಒಂದು ದೀಪ ಹಚ್ಚಿದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ನೆನಪಾಗುವುದಿಲ್ಲ ಎಂದರೆ ಹಚ್ಚಿಲ್ಲ ಎಂದೇ ಅರ್ಥ.

ಅಷ್ಟರಲ್ಲಿ ನನ್ನ ತಲೆಯೊಳಗೆ ಬೇರೆ ಹುಳ ಹೊಕ್ಕಿತ್ತು. ನಮ್ಮ ಕಡೆ ಒಂದು ನಂಬಿಕೆಯಿದೆ. ಕೆಟ್ಟ ನಕ್ಷತ್ರದಲ್ಲಿ ಮನೆಯೊಳಗೆ ಸಾವಾದರೆ ಆ ಮನೆ ಬಿಡಬೇಕು, ಕೆಲವು ನಕ್ಷತ್ರಕ್ಕೆ ಮೂರು ತಿಂಗಳು, ಕೆಲವಕ್ಕೆ ಆರು. ನನ್ನ ಮಾವ ತೀರಿಕೊಂಡಾಗ ಹಾಗೇ ಆಗಿತ್ತು. ಅತ್ತೆ ಬಾಗಿಲಿಗೆ ಬೀಗ ಹಾಕಿ ಮುಳ್ಳಿನ ಕೊಂಬೆ ಅಡ್ಡ ಇಟ್ಟರು. ನಾವೆಲ್ಲ ಕೊಟ್ಟಿಗೆಯಲ್ಲಿ ದನಗಳ ಪಕ್ಕ ಅಡುಗೆ ಮಾಡಿಕೊಂಡು ಇದ್ದೆವು. ಬೀದಿಯವರು ಸರದಿಯ ಮೇಲೆ ಸಾರು, ಮುದ್ದೆ ತಂದುಕೊಡುತ್ತಿದ್ದರು. ಆಗ ಅದರಿಂದ ಯಾರಿಗೂ ನಷ್ಟವಾಗಲಿಲ್ಲ, ಯಾಕೆಂದರೆ ಮನೆ ಇದ್ದದ್ದು ನಾವು ಇರುವುದಕ್ಕೆ. ಈಗ ಹಾಗಲ್ಲ. ಪಕ್ಕದ ಬೀದಿಯ ಬಿಲ್ಡಿಂಗ್ ಒಂದರಲ್ಲಿ ಬಾಡಿಗೆಯ ಮುದುಕರೊಬ್ಬರು ಅಂಥ ದಿನ ತೀರಿಕೊಂಡು, ಆ ಮನೆಗೆ ಬೀಗ ಬಿತ್ತು. ಮಾತು ಹರಡಿ ಮೇಲಿನವರು, ಕೆಳಗಿನವರು ಒಬ್ಬೊಬ್ಬರಾಗಿ ಖಾಲಿ ಮಾಡಿದರು. ಅದರ ಓನರಮ್ಮ ನನ್ನ ಹತ್ತಿರ ಕಣ್ಣೀರಿಟ್ಟು, "ಸಾಯೋರು ಸಾಯ್ತಾರೆ, ನಮ್ಮನ್ಯಾಕೆ ಸಾಯಿಸ್ಬೇಕು?" ಎಂದಿದ್ದಳು. ನಾನು ಹೌದೌದು ಎಂದು ತಲೆದೂಗಿದ್ದೆ. ನಮ್ಮದೋ, ಮೇಲಿನ ಅಂತಸ್ತಿಗೆ ಮಾಡಿದ ಬ್ಯಾಂಕ್ ಸಾಲ ಇನ್ನೂ ತೀರಿರಲಿಲ್ಲ. ಅಂದ ಮೇಲೆ ಕ್ಯಾಲೆಂಡರಿನಲ್ಲಿ ನಾನು ದಿನವೂ ನಕ್ಷತ್ರ ನೋಡತೊಡಗಿದೆ. ಮೆಟ್ಟಿಲ ಕಡೆಯಿಂದ ಅವಳ ಕೆಮ್ಮು ಕೇಳಿದರೆ ಇವತ್ತು ಯಾವ ನಕ್ಷತ್ರ ಎನ್ನುವುದು ಮೊದಲು ನೆನಪಾಗುತ್ತಿತ್ತು.

ಅವಳನ್ನು ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದಾಗ ನನಗೆ ನಿರಾಳವಾಯಿತು. ಅಲ್ಲಿಯೇ ಇರಲಿ ಎಂದುಕೊಂಡೆ. ಗುಣವಾಗಲಿ ಎಂದುಕೊಂಡೆನೋ ಇಲ್ಲವೋ, ಅಲ್ಲಿಯೇ ಇರಲಿ ಎಂದಂತೂ ಖಂಡಿತ ಅಂದುಕೊಂಡೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಸಂಜೆ ಅವಳ ಯಜಮಾನರು ನಮ್ಮ ಬಾಗಿಲಿಗೆ ಬಂದರು. ಆವತ್ತಿನ ಕಂತು ಇಡೀ ಬೀದಿ ಕಾಯುತ್ತಿದ್ದ ಕಂತು. ಡಾಕ್ಟರು ಕೈಚೆಲ್ಲಿದ್ದಾರೆ, ನಾಯಕಿಯನ್ನು ಮನೆಗೆ ಕರೆತರುತ್ತಿದ್ದಾರೆ. ಇಷ್ಟು ದಿನ ಅವಳನ್ನು ಕಂಡರಾಗದ ಅತ್ತೆ ಹೊಸಿಲಲ್ಲಿ ನಿಂತು, ನನ್ನ ಸೊಸೆ ನನ್ನ ಮನೆಯಲ್ಲೇ ಇರುತ್ತಾಳೆ ಎನ್ನುತ್ತಿದ್ದಾಳೆ. ನಾನು ಮೂಗು ಸೀಟುತ್ತ ಅಳುತ್ತಿದ್ದೆ. ನಮ್ಮ ಯಜಮಾನರು ದಿವಾನದ ಮೇಲೆ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು.

"ಅಮ್ಮಾ, ಒಂದ್ ಮಾತಿತ್ತು," ಎಂದರು ಬಾಗಿಲಲ್ಲಿ ನಿಂತವರು.

"ಒಂದ್ ನಿಮಿಷ ಸಾರ್. ಆ್ಯಡ್ ಬಂದ್ಬಿಡ್ಲಿ," ಎಂದೆ.

ಅವರು ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ಕೈಕಟ್ಟಿ ನಿಂತರು. ಒಳಗೆ ಬನ್ನಿ ಎಂದೂ ನಾನು ಹೇಳಲಿಲ್ಲ. ಕಥೆಯಲ್ಲಿ ಅತ್ತೆ ಆರತಿ ತಂದಳು, ನಾಯಕಿ ಅತ್ತೆಯ ಕಾಲಿಗೆ ಬೀಳಲು ಹೋದಳು, ಅತ್ತೆ ಅವಳನ್ನು ಎತ್ತಿ ಅಪ್ಪಿಕೊಂಡಳು. ಇದೆಲ್ಲ ನಿಧಾನವಾಗಿ, ಮೂರು ಮೂರು ಸಲ ತೋರಿಸಿದರು. ಅಷ್ಟೂ ಹೊತ್ತು ಅವರು ನಿಂತೇ ಇದ್ದರು. ಸೋಪಿನ ಜಾಹೀರಾತು ಬಂದಾಗ ನಾನು ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿದೆ.

"ಅಳ್ಬೇಡಿ ಅಮ್ಮಾ," ಎಂದರು ಅವರು. "ನಿಮ್ಗೆ ಆಗ್ಲೇ ಗೊತ್ತಾಗಿದೆ ಅನ್ಸುತ್ತೆ. ಇನ್ನೇನೂ ಮಾಡೋಕಾಗಲ್ಲ ಅಂದ್ಬಿಟ್ರು ಡಾಕ್ಟ್ರು."

ನನ್ನ ಕಣ್ಣೀರು ಅವರ ಹೆಂಡತಿಗೆ ಎಂದು ಅವರು ತಿಳಿದಿದ್ದರು. ನಾನು ಅಲ್ಲ ಎನ್ನಲಿಲ್ಲ. ಹೇಗೆ ಹೇಳುವುದು? ಸೆರಗಿನಿಂದ ಇನ್ನೊಮ್ಮೆ ಕಣ್ಣು ಒತ್ತಿಕೊಂಡೆ. ನನ್ನ ಬದುಕಿನಲ್ಲಿ ನಾನು ಮಾಡಿದ ಎಲ್ಲ ಕಳ್ಳತನಗಳಲ್ಲಿ ದೊಡ್ಡದು ಅದು.

"ಮನೆಗೆ ಹೋಗ್ಬೇಕು ಅಂತ ಒಂದೇ ಹಟ," ಎಂದರು. "ನಮ್ಮನೇಲಿ, ಆ ಕಿಟಕಿ ಹತ್ರ ಮಲಗ್ಬೇಕಂತೆ. ನಾಳೆ ಕರ್ಕೊಂಡ್ ಬರೋಣ ಅಂತಿದೀನಿ. ನಿಮ್ಗೊಂದ್ ಮಾತು ಹೇಳ್ಬೇಕಲ್ಲ, ಅದಕ್ಕೆ ಬಂದೆ."

ಯಜಮಾನರು ಮೊಬೈಲು ಕೆಳಗಿಟ್ಟು, "ಅಯ್ಯೋ ಪಾಪ" ಎಂದರು. ಆಮೇಲೆ ನನ್ನ ಮುಖ ನೋಡಿದರು. ಅವರು ಹೂಂ ಎನ್ನುವವರೇ ಇದ್ದರು ಎಂದು ನನಗೆ ಇವತ್ತಿಗೂ ಅನುಮಾನವಿದೆ. ಅದಕ್ಕೇ ನಾನು ಬೇಗನೆ ಬಾಯಿ ಹಾಕಿದೆ. ಕೂಗಾಡಲಿಲ್ಲ, ಆಗಲ್ಲ ಎಂದೂ ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಮಾತಾಡಿದೆ. ಲಿಫ್ಟ್ ಇಲ್ಲ, ಅಷ್ಟು ಮೆಟ್ಟಿಲು ಹೇಗೆ ಹತ್ತಿಸುತ್ತೀರಿ ಎಂದೆ. ಹಗಲೂ ರಾತ್ರಿ ನೋಡಿಕೊಳ್ಳುವವರು ಯಾರು ಎಂದೆ. ಕುಕ್ ಟೌನಿನಲ್ಲಿ ಒಂದು ಹಳೇ ಬಂಗಲೆಯಿದೆ, ಇಂಥವರನ್ನು ಕೊನೆಯವರೆಗೆ ನೋಡಿಕೊಳ್ಳುತ್ತಾರಂತೆ, ನೋವಿಗೆ ಇಂಜೆಕ್ಷನ್ ಕೊಡುತ್ತಾರಂತೆ ಎಂದೆ. ಇಷ್ಟೆಲ್ಲ ಹೇಳಿದ ಮೇಲೂ ಅವರು ಬಾಗಿಲು ಬಿಟ್ಟು ಹೋಗಲಿಲ್ಲ. ಅಷ್ಟರಲ್ಲಿ ಜಾಹೀರಾತು ಮುಗಿದು ಸೀರಿಯಲ್ಲಿನ ಸಂಗೀತ ಶುರುವಾಯಿತು. ನನ್ನ ಕಣ್ಣು ತಾನಾಗಿಯೇ ಆ ಕಡೆ ಹೋಯಿತು. ಬೇಗ ಮುಗಿಸಬೇಕಲ್ಲ ಎಂದು ಒಳಗಿದ್ದದ್ದನ್ನೂ ಹೇಳಿಬಿಟ್ಟೆ.

"ನಿಮ್ಗೇ ಗೊತ್ತಲ್ಲ ಸಾರ್. ದಿನ ಚೆನ್ನಾಗಿಲ್ದೆ ಇದ್ರೆ ಮನೆ ಬಿಡ್ಬೇಕಾಗುತ್ತೆ. ಮಿಕ್ಕಿರೋ ಬಾಡಿಗೆಯವ್ರೂ ಇರಲ್ಲ. ನಮ್ದೂ ಸ್ವಲ್ಪ ನೋಡ್ಬೇಕಲ್ವಾ."

ಅವರು ನನ್ನನ್ನೇ ನೋಡಿದರು. ಸಿಟ್ಟಿನಿಂದಲ್ಲ. ಒಂದು ಲೆಕ್ಕ ಅರ್ಥವಾಗದಿದ್ದವನಿಗೆ ಅರ್ಥವಾದಾಗ ನೋಡುವ ಹಾಗೆ. "ಸರಿ ಅಮ್ಮಾ. ಹಾಗೇ ಮಾಡ್ತೀನಿ," ಎಂದು ಮೆಟ್ಟಿಲು ಹತ್ತಿ ಹೋದರು. ನಾನು ಉಳಿದ ಕಂತನ್ನು ಪೂರ್ತಿ ನೋಡಿದೆ.

ಕುಕ್ ಟೌನಿಗೆ ನಾನು ಹೋದದ್ದು ಒಂದೇ ಸಲ. ಹೋಗದಿದ್ದರೆ ಬೀದಿಯವರು ಏನಂದುಕೊಳ್ಳುತ್ತಾರೆ ಎಂದು ಹೋದೆ. ಒಳ್ಳೆಯ ಜಾಗವೇ. ಹೆಂಚಿನ ಬಂಗಲೆ, ಮುಂದೆ ದೊಡ್ಡ ಮರಗಳು, ಗದ್ದಲವಿಲ್ಲ. ಅವಳು ಬಿಳಿ ಮಂಚದ ಮೇಲೆ ಮಗುವಿನಷ್ಟಾಗಿದ್ದಳು. ನನ್ನನ್ನು ಕಂಡ ಕೂಡಲೇ ಕಣ್ಣು ಅರಳಿತು.

"ಅಕ್ಕಾ, ಅವಳನ್ನ ಮನೆಗೆ ಕರ್ಕೊಂಡ್ ಬಂದ್ರಾ?" ಎಂದಳು.

ಯಾರನ್ನು ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಸೀರಿಯಲ್ಲಿನ ಕಥೆ ಕೇಳುತ್ತಿದ್ದಳು. ಕರೆದುಕೊಂಡು ಬಂದರು ಎಂದೆ. ಅತ್ತೆ ಆರತಿ ಎತ್ತಿದ್ದು, ಅಪ್ಪಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಬಿಟ್ಟುಹೋದ ಕಂತುಗಳನ್ನೆಲ್ಲ ಒಂದೊಂದಾಗಿ ಒಪ್ಪಿಸಿದೆ. ಅವಳ ಬಗ್ಗೆ ಏನಾದರೂ ಕೇಳುವುದಕ್ಕಿಂತ ಅದು ಸುಲಭವಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಖಳನಾಯಕಿಯ ಹೆಸರು ಬಂದಾಗ ತುಟಿ ಸ್ವಲ್ಪ ಅಲುಗಿತು, ಶಾಪ ಹಾಕಿದಳೋ ಏನೋ.

ಹೊರಡಲು ಎದ್ದಾಗ ನನ್ನ ಕೈ ಹಿಡಿದುಕೊಂಡಳು. "ಮೆಟ್ಲು ಹತ್ಸೋದು ಕಷ್ಟ ಅಂತ ಇವ್ರು ಹೇಳ್ತಾರೆ ಅಕ್ಕಾ. ಕುರ್ಚೀಲಿ ಕೂರ್ಸಿ ಎತ್ಕೊಂಡ್ ಹೋಗ್ಬೋದು. ನಾನೀಗ ಭಾರಾನೇ ಇಲ್ಲ, ನೋಡಿ ಬೇಕಾದ್ರೆ. ಮೇಲಿನ್ ಮನೆ ಹುಡುಗ್ರಿಗೆ ನೀವೊಂದ್ ಮಾತು ಹೇಳಿದ್ರೆ ಎತ್ತಲ್ವಾ?"

ಗಂಡ ಅವಳಿಗೆ ನಿಜ ಹೇಳಿರಲಿಲ್ಲ. ನನ್ನನ್ನು ಕಾಪಾಡಿದ್ದರು. ಮೆಟ್ಟಿಲಿನ ಮೇಲೆ ತಪ್ಪು ಹೊರಿಸಿದ್ದರು. ಅಲ್ಲಿಯಾದರೂ ನನ್ನ ಮನಸ್ಸು ಕರಗಬೇಕಿತ್ತು. ಬಾರೇ, ನಾಳೆಯೇ ಬಾ ಎನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಬರಬಹುದು. ಆದರೆ ಬಂದಿರಲಿಲ್ಲ. ಇನ್ನೆರಡು ದಿನಕ್ಕೆ ಸಾಲಾಗಿ ಐದು ಕೆಟ್ಟ ನಕ್ಷತ್ರಗಳ ಪಂಚಕ ಶುರುವಾಗುತ್ತದೆ ಎನ್ನುವುದು ಮಾತ್ರ ತಲೆಯಲ್ಲಿತ್ತು. "ನೋಡೋಣ ಇರೇ, ಸ್ವಲ್ಪ ಸುಧಾರಿಸ್ಕೊ," ಎಂದು ಕೈ ಬಿಡಿಸಿಕೊಂಡೆ. ಬಿಡಿಸಿಕೊಳ್ಳಲು ಏನೂ ಕಷ್ಟವಾಗಲಿಲ್ಲ. ಅವಳ ಬೆರಳುಗಳಲ್ಲಿ ಹಿಡಿತವೇ ಇರಲಿಲ್ಲ.

ಅದಾಗಿ ಒಂದು ವಾರಕ್ಕೆ, ಒಂದು ಮಧ್ಯಾಹ್ನ, ಅವಳು ಹೋದಳು. ಚಿತಾಗಾರಕ್ಕೆ ಹೋಗುವ ದಾರಿಯಲ್ಲಿ ಬೀದಿಯವರು ಮುಖ ನೋಡಲಿ ಎಂದು ಆಂಬುಲೆನ್ಸನ್ನು ನಮ್ಮ ಕಡೆ ತಂದರು. ಎಲ್ಲಿ ಗೇಟಿನ ಮುಂದೆ ನಿಲ್ಲಿಸುತ್ತಾರೋ, ಎಲ್ಲಿ ಒಂದು ಗಳಿಗೆ ಒಳಗೆ ಮಲಗಿಸುತ್ತೇವೆ ಎನ್ನುತ್ತಾರೋ ಎಂದು ನಾನು ಬಾಗಿಲ ಹಿಂದೆ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅದರ ಅಗತ್ಯವೇ ಬೀಳಲಿಲ್ಲ. ಅವರು ಬೀದಿಯ ತುದಿಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿಯೇ ಗಾಡಿ ನಿಲ್ಲಿಸಿದ್ದರು. ಅಲ್ಲಿಂದ ನಮ್ಮ ಎರಡನೇ ಮಹಡಿಯ ಕಿಟಕಿ ಕಾಣುತ್ತದೆ. ಹೆಂಗಸರೆಲ್ಲ ಅಲ್ಲಿಗೇ ನಡೆದು ಹೋಗಿ, ಹಿಂದಿನ ಬಾಗಿಲಿನಿಂದ ಇಣುಕಿ ಹೂವು ಹಾಕಿದೆವು. ಮೂಲೆಮನೆಯಾಕೆ ಬಿಕ್ಕಿ ಬಿಕ್ಕಿ ಅತ್ತಳು. ನಾನು ಅಳಲು ನೋಡಿದೆ, ಬರಲಿಲ್ಲ. ಕಾವೇರಿ ಕನೆಕ್ಷನ್ ಅವತ್ತು ಬಂದ್ ಆಗಿತ್ತು. ಇಂಥ ಹೊತ್ತಿನಲ್ಲೂ ನನಗೆ ತಮಾಷೆ ಹೊಳೆಯುತ್ತದೆ, ಏನು ಜನ್ಮವೋ ನನ್ನದು.

ಹಿಂದೆ ನಮ್ಮ ಬೀದಿಯಲ್ಲಿ ಹೆಣ ಎತ್ತುವವರೆಗೆ ಯಾರ ಮನೆಯಲ್ಲೂ ಒಲೆ ಹೊತ್ತುತ್ತಿರಲಿಲ್ಲ. ಸಾವಿನ ಮನೆಯವರಿಗೆ ಊಟ ಪಕ್ಕದ ಮನೆಯಿಂದಲೇ ಹೋಗಬೇಕು. ಅತ್ತೆ ಇದ್ದಿದ್ದರೆ ಆ ಮನುಷ್ಯ ಚಿತಾಗಾರದಿಂದ ಬರುವಷ್ಟರಲ್ಲಿ ಅನ್ನ, ತಿಳಿಸಾರು ಮಾಡಿ ಬಾಗಿಲಲ್ಲಿ ಇಡುತ್ತಿದ್ದರು. ನಾನು ಬೀದಿಯ ತುದಿಯಿಂದ ಬಂದವಳು ಸ್ನಾನ ಮಾಡಿ, ಐನೋರಿಗೆ ಫೋನು ಮಾಡಿ, ಇವತ್ತಿನ ನಕ್ಷತ್ರ ಹೇಗೆ ಎಂದು ಕೇಳಿದೆ. ಸಾವು ನಮ್ಮ ಮನೆಯಲ್ಲಿ ಆಗದಿದ್ದರೂ ಕೇಳಿದೆ.

ಅವರು ಪಂಚಾಂಗ ತಿರುವಿ, "ಏನೂ ದೋಷ ಇಲ್ಲಮ್ಮಾ. ಪಂಚಕ ಬೆಳಿಗ್ಗೆನೇ ಮುಗ್ದಿದೆ. ಮನೇಲೇ ಆಗಿದ್ರೂ ಮನೆ ಬಿಡ್ಬೇಕಾಗಿರ್ಲಿಲ್ಲ," ಎಂದರು.

ಇದನ್ನು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ಸದ್ಯ, ಯಾವ ಕಡೆಯಿಂದಲೂ ತಾಪತ್ರಯವಿಲ್ಲ ಎಂದು. ಫೋನು ಇಟ್ಟು, ಕುಕ್ಕರ್ ಇಟ್ಟು, ಸಂಜೆ ಟೀವಿ ಹಾಕಿದೆ. ನಾಯಕಿಗೆ ಯಾವುದೋ ಹಿಮಾಲಯದ ಮದ್ದು ಸಿಕ್ಕಿ ಗುಣವಾಗತೊಡಗಿತ್ತು. ಅವಳು ಎದ್ದು ಕೂತಳು. ನನ್ನ ಕಣ್ಣಲ್ಲಿ ದಳದಳನೆ ನೀರು ಇಳಿಯಿತು. ಆಗ ಯಜಮಾನರು ಎದ್ದು ಬಂದು ಟೀವಿ ಆರಿಸಿದರು. ಎಷ್ಟೋ ವರ್ಷಗಳಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು. ಆರಿದ ಟೀವಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ಅಳುತ್ತಿರುವ ದಪ್ಪ ಹೆಂಗಸು. ಅವಳು ಯಾರಿಗಾಗಿ ಅಳುತ್ತಿದ್ದಾಳೆ, ಯಾರಿಗಾಗಿ ಅಳಲಿಲ್ಲ ಎಂದು ಆಗ ನನಗೆ ಗೊತ್ತಾಯಿತು.

ದೋಷವಿಲ್ಲದ ದಿನವಾಗಿತ್ತು, ಅಯ್ಯೋ, ಅವಳನ್ನು ಕರೆತರಬಹುದಿತ್ತು ಎಂದು ಕೆಲವು ದಿನ ಕೊರಗಿದೆ. ಆಮೇಲೆ ಆ ಕೊರಗೂ ಕಳ್ಳ ಕೊರಗು ಎನಿಸಿತು. ದೋಷವಿದ್ದ ದಿನವಾಗಿದ್ದರೆ ನಾನು ಮಾಡಿದ್ದು ಸರಿಯಾಗುತ್ತಿತ್ತೇ? ಸಾವಾದ ಮೇಲೆ ಉಳಿದವರು ಮನೆ ಬಿಡಬೇಕು ಎಂದು ಹಿರಿಯರು ಹೇಳಿದ್ದರು. ಸಾಯುವವರನ್ನೇ ಮೊದಲು ಮನೆ ಬಿಡಿಸಿ ಎಂದು ಯಾರೂ ಹೇಳಿರಲಿಲ್ಲ. ಅದು ನಮ್ಮ ಬಾಡಿಗೆ ಕಲಿಸಿದ ಶಾಸ್ತ್ರ.

ಅವರು ಮನೆ ಖಾಲಿ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿ ಎಂದು ಆಸೆಪಟ್ಟಿದ್ದೆ ಎಂದರೂ ಸರಿಯೇ. ಎದುರಿಗಿಲ್ಲದಿದ್ದರೆ ಮರೆಯಬಹುದಲ್ಲ. ಅವರು ಹೋಗಲಿಲ್ಲ. ಇವತ್ತಿಗೂ ನಮ್ಮ ತಲೆಯ ಮೇಲೆಯೇ ಇದ್ದಾರೆ. ಬೆಳಿಗ್ಗೆ ತೆರೆದ ಕಿಟಕಿಯಿಂದ ಕುರ್ಚಿ ಎಳೆದ ಸದ್ದು ಕೇಳುತ್ತದೆ, ಅಲ್ಲೇ ಕೂರುತ್ತಾರೆ ಅಂತ ಕಾಣುತ್ತದೆ. ಮೆಟ್ಟಿಲಲ್ಲಿ ಸಿಕ್ಕರೆ "ನಮಸ್ಕಾರ ಅಮ್ಮಾ, ಊಟ ಆಯ್ತಾ" ಎನ್ನುತ್ತಾರೆ. ಆ ನಮಸ್ಕಾರದಲ್ಲಿ ಏನಾದರೂ ಕೊಂಕು ಇದೆಯೇ ಎಂದು ನಾನು ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ. ತಪ್ಪಾಯಿತು ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ನೀರು ಬಂತಾ ಸಾರ್, ಮೋಟಾರ್ ಹಾಕ್ಲಾ ಸಾರ್ ಎಂದು ಕೇಳಿ ಒಳಗೆ ಬಂದಿದ್ದೇನೆ. ಸೀರಿಯಲ್ ನೋಡುವುದನ್ನು ಬಿಟ್ಟೆ ಎಂದು ಬರೆಯಬೇಕೆನಿಸುತ್ತದೆ. ಬಿಟ್ಟಿಲ್ಲ. ಸ್ವಲ್ಪ ದಿನ ಬಿಟ್ಟಿದ್ದೆ, ಸಂಜೆ ಕೈಕಾಲು ಆಡದೆ ಮತ್ತೆ ಶುರು ಮಾಡಿದೆ. ಆದರೆ ಅಳು ಬಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ.

ಹೋದ ತಿಂಗಳು ಕೆಲವು ದಿನ ಕುರ್ಚಿಯ ಸದ್ದು ಕೇಳಲಿಲ್ಲ. ಕಸ ತೆಗೆದುಕೊಂಡು ಹೋಗುವ ಗಾಡಿ ಬಂದರೂ ಅವರು ಇಳಿಯಲಿಲ್ಲ. ಜ್ವರವಂತೆ ಎಂದು ಅವರ ಮೇಲಿನ ಮನೆಯ ಹುಡುಗರು ಹೇಳಿದರು. ನಾನು ಒಂದು ಹೊತ್ತು ಒಳಗೂ ಹೊರಗೂ ಓಡಾಡಿದೆ. ಆಮೇಲೆ ಗಂಜಿ ಕಾಸಿ, ನಿಂಬೆ ಉಪ್ಪಿನಕಾಯಿಯ ಒಂದು ಹೋಳು ಇಟ್ಟುಕೊಂಡು, ಯಜಮಾನರಿಗೂ ಹೇಳದೆ ಮೆಟ್ಟಿಲು ಹತ್ತಿದೆ. ಇವತ್ತು ಹೇಳಿಬಿಡಬೇಕು, ಏನಾದರೂ ಆಗಲಿ ಎಂದು ಪ್ರತಿ ತಿರುವಿನಲ್ಲೂ ಅಂದುಕೊಂಡೆ. ಮಂಡಿ ನೋವಿಗೆ ಎರಡು ಕಡೆ ನಿಂತೆ. ಅವಳು ಹೋದ ಮೇಲೆ ನಾನು ಆ ಬಾಗಿಲು ತಟ್ಟಿದ್ದು ಅದೇ ಮೊದಲು.

ಅವರು ಶಾಲು ಹೊದ್ದುಕೊಂಡು ಬಂದು ಬಾಗಿಲು ತೆರೆದರು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ನನ್ನನ್ನು ಕಂಡದ್ದೇ ಗಾಬರಿಯಾಗಿ ಗೋಡೆ ಹಿಡಿದುಕೊಂಡು ನೆಟ್ಟಗೆ ನಿಂತರು. ನನ್ನ ಕೈಯಲ್ಲಿದ್ದ ಪಾತ್ರೆಯನ್ನು ಅವರು ನೋಡಲೇ ಇಲ್ಲ.

"ಬರೀ ಜ್ವರ ಅಮ್ಮಾ, ಬೇರೇನೂ ಇಲ್ಲ," ಎಂದರು. "ನೀವೇನೂ ಯೋಚ್ನೆ ಮಾಡ್ಬೇಡಿ. ಬ್ಯಾಗ್ ರೆಡಿ ಇಟ್ಕೊಂಡಿದೀನಿ. ಸ್ವಲ್ಪ ಜ್ವರ ಜಾಸ್ತಿ ಆದ್ರೂ ನಾನೇ ಆಟೋ ಹಿಡ್ಕೊಂಡು ಹೊರಟೋಗ್ತೀನಿ. ಇಲ್ಲೇನೂ ಆಗೋಕೆ ಬಿಡಲ್ಲ."

ಬಾಗಿಲ ಹಿಂದೆ ಬ್ಯಾಗಿತ್ತು. ಮೇಲೆ ಮಡಿಚಿದ ಟವಲ್ಲು, ನೀರಿನ ಬಾಟಲಿ. ಅವರು ನನ್ನನ್ನು ಚುಚ್ಚಲು ಹೇಳಲಿಲ್ಲ. ಮನೆ ಓನರು ಬಾಗಿಲಿಗೆ ಬಂದಿದ್ದಾರೆ, ಅವರಿಗೆ ಧೈರ್ಯ ಹೇಳಬೇಕು ಎಂದು ಹೇಳಿದರು.

"ಗಂಜಿ ತಂದಿದೀನಿ ಸಾರ್," ಎಂದೆ. ಅಷ್ಟೇ ಬಂದದ್ದು.

"ಓ, ಗಂಜಿನಾ," ಎಂದು ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ಇನ್ನೂ ನಿಂತೇ ಇದ್ದದ್ದನ್ನು ನೋಡಿ, "ನಿಜ ಅಮ್ಮಾ, ಹೋಗ್ತೀನಿ," ಎಂದರು.